ಮೆಟ್ಟಿಲು ಕೇಳಿ ಟಿಕೆಟ್ ತೆಗೆಯಿರಿ: ವಿಕಲಚೇತನರಿಗೂ ಮನೆಯವರಿಗೂ ಒಂದು ಸಿನಿಮಾ ಕೈಪಿಡಿ

ಮಲ್ಟಿಪ್ಲೆಕ್ಸ್‌ಗೆ ಫೋನ್ ಮಾಡಿ “ನಿಮ್ಮಲ್ಲಿ ವೀಲ್‌ಚೇರ್‌ಗೆ ವ್ಯವಸ್ಥೆ ಇದೆಯಾ?” ಎಂದು ಕೇಳಿ ನೋಡಿ. “ಇದೆ ಸರ್, ಬನ್ನಿ” ಎಂಬ ಉತ್ತರ ಹೆಚ್ಚುಕಡಿಮೆ ಖಚಿತ. ಹೋದರೆ ರ‍್ಯಾಂಪ್ ಇರುತ್ತದೆ, ಲಿಫ್ಟ್ ಇರುತ್ತದೆ, ಅಗಲವಾದ ಬಾಗಿಲೂ ಇರುತ್ತದೆ. ಅದನ್ನು ದಾಟಿದರೆ ಕತ್ತಲಲ್ಲಿ ಎಂಟೋ ಹತ್ತೋ ಮೆಟ್ಟಿಲು, ಅದರಾಚೆ ನಿಮ್ಮ ಸೀಟು. ಫೋನಿನಲ್ಲಿ ಮಾತಾಡಿದವರು ಸುಳ್ಳು ಹೇಳಿರುವುದಿಲ್ಲ. ಲಿಫ್ಟ್ ಇದ್ದರೆ ವ್ಯವಸ್ಥೆ ಇದ್ದ ಹಾಗೆ ಎಂದೇ ಅವರು ತಿಳಿದಿರುತ್ತಾರೆ. ಪ್ರಶ್ನೆ ಸರಿಯಿರಲಿಲ್ಲ, ಅಷ್ಟೆ.

ಸಿನಿಮಾಗೆ ಹೋಗಿಬರುವುದು ಸುಖವಾಗುತ್ತದೋ ರಂಪವಾಗುತ್ತದೋ ಎನ್ನುವುದು ಬಹುಮಟ್ಟಿಗೆ ಹಿಂದಿನ ದಿನವೇ, ನೀವು ಏನು ಕೇಳಿದಿರಿ ಎನ್ನುವುದರ ಮೇಲೆ ತೀರ್ಮಾನವಾಗುತ್ತದೆ. ಕರ್ನಾಟಕದ ಥಿಯೇಟರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಮೊದಲ ಸಲ ಹೊರಡುವವರಿಗಾಗಿ ಇದನ್ನು ಬರೆದಿದ್ದೇನೆ.

ಹಂತ 1: ಕಾರ್ಡು ಜೇಬಿನಲ್ಲಿರಲಿ

ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಆಗಬೇಕು. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ತುಂಬಲು ಅವರು ನೆರವಾಗುತ್ತಾರೆ. ಅಂಗವೈಕಲ್ಯ ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರೊಳಗಿದ್ದರೆ ಹಳದಿ, 80 ಅಥವಾ ಅದಕ್ಕೂ ಹೆಚ್ಚಿದ್ದರೆ ನೀಲಿ ಬಣ್ಣದ ಗುರುತು ಕಾರ್ಡಿನಲ್ಲಿರುತ್ತದೆ.

ಕಾರ್ಡು ತೋರಿಸಿದ ಕೂಡಲೇ ಟಿಕೆಟ್ ದರ ಇಳಿಯುವುದಿಲ್ಲ, ಆ ಆಸೆ ಬೇಡ. ಆದರೂ ಥಿಯೇಟರಿನಲ್ಲಿ ಇದು ಕೆಲಸಕ್ಕೆ ಬರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಹಲವು ಕಣ್ಣಿಗೆ ಕಾಣುವಂಥವಲ್ಲ. ಆಟಿಸಂ ಇರುವ ಹುಡುಗ ಸೀಟಿನಲ್ಲಿ ಯಾಕೆ ಕೂರುತ್ತಿಲ್ಲ ಎಂದು ಗದರುವ ಸಿಬ್ಬಂದಿಗೆ ಕಾರ್ಡಿನ ಒಂದು ನೋಟ ಸಾಕು. ಇನ್ನೊಂದು ಉಪಯೋಗ ವಯಸ್ಸಿನದು. ‘ಎ’ ಪ್ರಮಾಣಪತ್ರದ ಸಿನಿಮಾಗೆ 18 ತುಂಬದವರನ್ನು ತಂದೆ ತಾಯಿ ಜೊತೆಗಿದ್ದರೂ ಬಿಡುವಂತಿಲ್ಲ. ಬೌದ್ಧಿಕ ಅಂಗವೈಕಲ್ಯವಿರುವ 25 ವರ್ಷದ ಮಗಳನ್ನು ಮುಖ ನೋಡಿ ಚಿಕ್ಕವಳೆಂದು ತಡೆದರೆ ಕಾರ್ಡಿನ ಮೇಲಿನ ವಯಸ್ಸಿನ ವಿವರ ಉತ್ತರ ಹೇಳುತ್ತದೆ.

ಹಂತ 2: ಸಿನಿಮಾಕ್ಕೆ ಮೊದಲು ಥಿಯೇಟರ್ ಆರಿಸಿ

ಎಲ್ಲರೂ ಸಿನಿಮಾ ಆರಿಸಿ ಆಮೇಲೆ ಥಿಯೇಟರ್ ಹುಡುಕುತ್ತಾರೆ. ನೀವು ತಿರುಗುಮುರುಗು ಮಾಡಿ. ನಿಮಗೆ ಒಗ್ಗುವ ಒಂದೆರಡು ಥಿಯೇಟರ್ ಗೊತ್ತಾಗಿಬಿಟ್ಟರೆ ಮುಂದೆ ಅಲ್ಲಿಗೆ ಯಾವ ಸಿನಿಮಾ ಬಂತು ಎಂದಷ್ಟೇ ನೋಡಿಕೊಂಡರಾಯಿತು.

ಮಲ್ಟಿಪ್ಲೆಕ್ಸ್ ಎಂದರೆ ಅನುಕೂಲ, ಹಳೆಯ ಥಿಯೇಟರ್ ಎಂದರೆ ಕಷ್ಟ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಒಂಟಿ ಪರದೆಯ ಎಷ್ಟೋ ಥಿಯೇಟರುಗಳಲ್ಲಿ ಬಾಲ್ಕನಿಗೆ ಮೆಟ್ಟಿಲೇ ಗತಿ. ಆದರೆ ಕೆಳಗಿನ ಕ್ಲಾಸಿಗೆ ಅಂಗಳದಿಂದ ಒಂದೆರಡು ಮೆಟ್ಟಿಲು, ಒಳಗೆ ಇಳಿಜಾರಾದ ನೆಲ, ಅಷ್ಟೇ. ಗಾಲಿ ಉರುಳಿಸಲು ಮಲ್ಟಿಪ್ಲೆಕ್ಸಿನ ಮೆಟ್ಟಿಲುಸಾಲಿಗಿಂತ ಇದು ಎಷ್ಟೋ ವಾಸಿ, ದರವೂ ಕಡಿಮೆ. ಹಳೆಯ ಥಿಯೇಟರ್ ಸೋಲುವುದು ಶೌಚಾಲಯದಲ್ಲಿ: ನೆಲಮಟ್ಟದ ಕಮೋಡು, ಎತ್ತರದ ಹೊಸ್ತಿಲು, ಕಿರಿದಾದ ಬಾಗಿಲು. ಮಲ್ಟಿಪ್ಲೆಕ್ಸಿನಲ್ಲಿ ಶೌಚಾಲಯ ಸರಿಯಿದ್ದು ಸೀಟು ದೂರ, ಇಲ್ಲಿ ಸೀಟು ಹತ್ತಿರವಿದ್ದು ಶೌಚಾಲಯ ದೂರ. ನಿಮಗೆ ಯಾವುದು ಮುಖ್ಯ ಎನ್ನುವುದನ್ನು ನೀವೇ ತೂಗಿನೋಡಬೇಕು.

ಸಾಧ್ಯವಾದರೆ ವಾರದ ನಡುವಿನ ಬೆಳಿಗ್ಗೆ ಒಬ್ಬರೇ ಹೋಗಿ ಥಿಯೇಟರ್ ನೋಡಿಕೊಂಡು ಬನ್ನಿ. ಎರಡು ಆಟಗಳ ನಡುವೆ ಹಾಲ್ ಖಾಲಿಯಿರುತ್ತದೆ, ಕೇಳಿದರೆ ತೋರಿಸುತ್ತಾರೆ. ಅಳತೆ ಟೇಪು ಜೊತೆಗಿರಲಿ. ಬಾಗಿಲು 90 ಸೆಂ.ಮೀ. ಅಗಲವಿದ್ದರೆ ಚಿಂತೆಯಿಲ್ಲ. ರ‍್ಯಾಂಪ್ ಒಂದು ಅಡಿ ಏರಲು 12 ಅಡಿ ಉದ್ದವಿರಬೇಕು, ಅದಕ್ಕಿಂತ ಕಡಿದಾಗಿದ್ದರೆ ಹಿಂದಿನಿಂದ ತಳ್ಳಲು ಗಟ್ಟಿ ಕೈಯವರು ಬೇಕು.

ಹಂತ 3: ಫೋನ್ ಮಾಡಿ, ಆದರೆ ‘ವ್ಯವಸ್ಥೆ ಇದೆಯಾ’ ಎಂದು ಕೇಳಬೇಡಿ

ಮಲ್ಟಿಪ್ಲೆಕ್ಸ್ ಸರಣಿಗಳ ನಂಬರಿಗೆ ಕರೆ ಮಾಡಿದರೆ ಅದು ಬಹಳ ಸಲ ಎಲ್ಲೋ ಇರುವ ಕಾಲ್ ಸೆಂಟರಿಗೆ ಹೋಗುತ್ತದೆ, ಅವರು ಆ ಹಾಲನ್ನು ಕಣ್ಣಲ್ಲಿ ಕಂಡಿರುವುದಿಲ್ಲ. ಆ ಥಿಯೇಟರಿನ ಡ್ಯೂಟಿ ಮ್ಯಾನೇಜರ್ ಜೊತೆ ಮಾತಾಡಬೇಕು ಎನ್ನಿ, ಅಥವಾ ಮಾಲ್‌ನ ಹೆಲ್ಪ್ ಡೆಸ್ಕ್ ಮೂಲಕ ಹೋಗಿ. ಸಿಕ್ಕ ಮೇಲೆ ಹೌದು ಇಲ್ಲ ಎಂದು ತೇಲಿಸಲಾಗದ ಪ್ರಶ್ನೆಗಳನ್ನೇ ಕೇಳಿ.

“ಈ ಸಿನಿಮಾ ಯಾವ ಸ್ಕ್ರೀನಿನಲ್ಲಿದೆ? ಆ ಸ್ಕ್ರೀನಿನ ಬಾಗಿಲು ಯಾವ ಸಾಲಿನ ಹತ್ತಿರ ತೆರೆಯುತ್ತದೆ?” ಇದೇ ಮುಖ್ಯವಾದ ಪ್ರಶ್ನೆ. ಕೆಲವು ಹಾಲುಗಳಲ್ಲಿ ಬಾಗಿಲು ಪರದೆಯ ಪಕ್ಕಕ್ಕೇ ತೆರೆಯುತ್ತದೆ, ಕೆಲವಲ್ಲಿ ನಡುಮಧ್ಯಕ್ಕೆ, ಕೆಲವಲ್ಲಿ ಮೇಲ್ತುದಿಗೆ. ಒಂದೇ ಮಾಲ್‌ನ ಒಂದನೇ ಸ್ಕ್ರೀನಿಗೂ ಐದನೇ ಸ್ಕ್ರೀನಿಗೂ ಹೋಲಿಕೆ ಇರುವುದಿಲ್ಲ. ಸಾಲಿನ ಅಕ್ಷರವನ್ನೂ ನಂಬಬೇಡಿ. ಒಂದು ಕಡೆ ‘ಎ’ ಪರದೆಯ ಮುಂದಿದ್ದರೆ ಇನ್ನೊಂದು ಕಡೆ ಅದೇ ಅಕ್ಷರ ಹಿಂದಿನ ಗೋಡೆಗಿರುತ್ತದೆ.

“ಬಾಗಿಲಿನಿಂದ ಆ ಸಾಲಿಗೆ ಎಷ್ಟು ಮೆಟ್ಟಿಲು?” ಎಣಿಸಿ ಹೇಳಲು ಕೇಳಿ. ಊರುಗೋಲಿನವರು ಮೂರು ಮೆಟ್ಟಿಲು ಹತ್ತಬಹುದು, ಹತ್ತು ಆಗುವುದಿಲ್ಲ.

“ವೀಲ್‌ಚೇರ್‌ನಲ್ಲೇ ಕೂತು ನೋಡುವ ಜಾಗ ಎಲ್ಲಿ?” ಬುಕಿಂಗ್ ಆ್ಯಪ್‌ನಲ್ಲಿ ವೀಲ್‌ಚೇರ್ ಚಿಹ್ನೆ ಕಂಡರೂ ಇದನ್ನು ಕೇಳಿ. ಆ ಜಾಗ ಎಷ್ಟೋ ಕಡೆ ಪರದೆಗೆ ಅಂಟಿಕೊಂಡ ಮೂಲೆಯಲ್ಲಿರುತ್ತದೆ. ಎರಡೂವರೆ ಗಂಟೆ ಕತ್ತು ಎತ್ತಿ ಕೂರುವುದು ಬೆನ್ನುಹುರಿಯ ತೊಂದರೆ ಇರುವವರಿಗೆ ಶಿಕ್ಷೆಯೇ. ಅದಕ್ಕಿಂತ ಬಾಗಿಲ ಮಟ್ಟದ ಸಾಲಿನಲ್ಲಿ ಓಣಿಯ ಪಕ್ಕದ ಸೀಟಿಗೆ ದಾಟಿ ಕೂರುವುದು ಹಲವರಿಗೆ ಹಿತ. ಹಾಗೆ ಮಾಡಿದರೆ ಗಾಲಿಕುರ್ಚಿಯನ್ನು ಹೊರಗಿಡುತ್ತಾರೆ. ಬೆಂಕಿ ಬಿದ್ದರೆ ಜನ ಓಡಬೇಕಾದ ಓಣಿಯಲ್ಲಿ ಅದನ್ನು ಬಿಡುವಂತಿಲ್ಲ. 1997ರಲ್ಲಿ ದೆಹಲಿಯ ಉಪಹಾರ್ ಥಿಯೇಟರಿನಲ್ಲಿ 59 ಜನ ಸತ್ತದ್ದು ನೆನಪಿದ್ದವರು ಈ ನಿಯಮಕ್ಕೆ ತಕರಾರು ಮಾಡುವುದಿಲ್ಲ. ಕುರ್ಚಿಯನ್ನು ಯಾರು ತೆಗೆದಿಡುತ್ತಾರೆ, ಯಾರು ತಂದುಕೊಡುತ್ತಾರೆ ಎಂದು ಮಾತ್ರ ಹೆಸರು ಸಹಿತ ಕೇಳಿಟ್ಟುಕೊಳ್ಳಿ.

“ವಿಕಲಚೇತನರ ಶೌಚಾಲಯ ಯಾವ ಮಹಡಿಯಲ್ಲಿದೆ? ಬೀಗ ಹಾಕಿದ್ದರೆ ಕೀ ಯಾರ ಹತ್ತಿರ ಇರುತ್ತದೆ?” ಒರೆಸುವ ಬಟ್ಟೆ, ಬಕೆಟ್ಟು ಇಡುವ ಕೋಣೆಯಾಗಿ ಬದಲಾದ ಶೌಚಾಲಯಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಹೆಚ್ಚಿನವರಿಗೆ ಹೊಳೆಯದ ಪ್ರಶ್ನೆ ಕೊನೆಯದು: “ಸಿನಿಮಾ ಮುಗಿದ ಮೇಲೆ ಯಾವ ದಾರಿಯಲ್ಲಿ ಹೊರಗೆ ಬಿಡುತ್ತೀರಿ?” ಬಂದ ದಾರಿಯಲ್ಲೇ ವಾಪಸ್ ಬಿಡುವುದು ವಿರಳ. ಪರದೆಯ ಪಕ್ಕದ ಬಾಗಿಲು ತೆರೆದು ಹಿಂಬದಿಯ ಮೆಟ್ಟಿಲಿಗೆ ಜನರನ್ನು ಹರಿಸಿಬಿಡುತ್ತಾರೆ. ರಾತ್ರಿಯ ಕೊನೆಯ ಆಟವಾದರೆ ಮಾಲ್ ಮುಚ್ಚಿರುತ್ತದೆ, ಲಿಫ್ಟ್ ನಿಂತಿದ್ದರೂ ಆಶ್ಚರ್ಯವಿಲ್ಲ. ಬಂದ ಬಾಗಿಲಲ್ಲೇ ಹೊರಡುತ್ತೇವೆ, ಲಿಫ್ಟ್ ಚಾಲೂ ಇರಲಿ ಎಂದು ಮೊದಲೇ ಹೇಳಿಬಿಡಿ. ನನ್ನನ್ನು ಕೇಳಿದರೆ ಕೊನೆಯ ಆಟದ ಸಹವಾಸವೇ ಬೇಡ.

ಹಂತ 4: ದುಡ್ಡಿನ ಲೆಕ್ಕ

ವಿಕಲಚೇತನರ ಮನೆಗೆ ಸಿನಿಮಾ ಯಾಕೆ ದುಬಾರಿ? ಒಬ್ಬರ ಸಿನಿಮಾಗೆ ಎರಡು ಟಿಕೆಟ್ ಬೇಕು ಎನ್ನುವುದೇ ಕಾರಣ. ಜೊತೆಗಿರುವವರು ಸಿನಿಮಾ ನೋಡಲು ಬಂದವರಲ್ಲ, ಎತ್ತಿ ಕೂರಿಸಲು, ಶೌಚಾಲಯಕ್ಕೆ ಕರೆದೊಯ್ಯಲು ಬಂದವರು. ಬ್ರಿಟನ್ನಿನಲ್ಲಿ ಇದಕ್ಕೆಂದೇ 2004ರಿಂದ ಸಿಇಎ ಕಾರ್ಡ್ ಎಂಬುದಿದೆ. ಅದನ್ನು ತೋರಿಸಿದರೆ ಯೋಜನೆಯಲ್ಲಿರುವ ಥಿಯೇಟರುಗಳಲ್ಲಿ ಜೊತೆಗಾರರ ಟಿಕೆಟ್ ಉಚಿತ. ಅದು ಸರ್ಕಾರದ ಯೋಜನೆಯಲ್ಲ, ಥಿಯೇಟರ್ ಮಾಲೀಕರ ಸಂಘವೇ ನಡೆಸುವಂಥದ್ದು. ನಮ್ಮಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಅಂಥದ್ದು ಇಲ್ಲ. ನಮ್ಮ ಚಲನಚಿತ್ರ ವಾಣಿಜ್ಯ ಮಂಡಳಿ, ಪ್ರದರ್ಶಕರ ಸಂಘಗಳು ಮನಸ್ಸು ಮಾಡಿದರೆ ಕಷ್ಟದ ಕೆಲಸವೇನಲ್ಲ, ಮಂಗಳವಾರ ಬೆಳಗಿನ ಆಟದಲ್ಲಿ ಹೇಗೂ ಅರ್ಧ ಹಾಲು ಖಾಲಿ. ಅಲ್ಲಿಯವರೆಗೆ ಮ್ಯಾನೇಜರನ್ನು ಕೇಳುವುದರಲ್ಲಿ ನಷ್ಟವಿಲ್ಲ. ಒಂಟಿ ಪರದೆಯ ಮಾಲೀಕರು ಒಪ್ಪುವ ಸಾಧ್ಯತೆ ಹೆಚ್ಚು, ಅಲ್ಲಿ ಗಲ್ಲಾದ ಹತ್ತಿರವೇ ಯಜಮಾನರು ಸಿಗುತ್ತಾರೆ.

ದರದ ವಿಷಯ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಹಾಗಾಗಿ 200 ಎಂದು ಎಣಿಸಿಕೊಂಡು ಹೊರಡಬೇಡಿ, ಆ ದಿನದ ದರ ನೋಡಿ. ಅದೇ 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ, ಅದರ ಮೇಲಿನದಕ್ಕೆ ಶೇ. 18. ಒಂಟಿ ಪರದೆಯ ಕೆಳಗಿನ ಕ್ಲಾಸಿನವರಿಗೆ ಇದರಿಂದ ಚೂರು ಲಾಭ. ಮಲ್ಟಿಪ್ಲೆಕ್ಸಿನಲ್ಲಿ ವಾರದ ದಿನದ ಬೆಳಗಿನ ಆಟ ಅಗ್ಗ, ಕೆಲವೆಡೆ ಮಂಗಳವಾರ ಇನ್ನೂ ಅಗ್ಗ. ಆ್ಯಪ್‌ನಲ್ಲಿ ಕೊಂಡರೆ ಟಿಕೆಟ್ಟಿಗೊಂದು ಕನ್ವೀನಿಯನ್ಸ್ ಫೀ ಬೀಳುತ್ತದೆ. ಕೌಂಟರಿನಲ್ಲಿ ಅದಿಲ್ಲ, ಸೀಟಿನ ಬಗ್ಗೆ ಮಾತಾಡಲು ಎದುರಿಗೆ ಒಬ್ಬ ಮನುಷ್ಯನೂ ಇರುತ್ತಾನೆ.

ಹೋಗಿಬರುವ ಖರ್ಚಿಗೆ: ರಾಜ್ಯದ ಸಾರಿಗೆ ನಿಗಮಗಳು ವಿಕಲಚೇತನರಿಗೆ ರಿಯಾಯಿತಿ ಪಾಸ್ ಕೊಡುತ್ತವೆ, ಜೊತೆಗೆ ಬರುವವರು ಅಮ್ಮನೋ ಅಕ್ಕನೋ ಆದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಬೆಂಗಳೂರಿನಲ್ಲಾದರೆ ಮೆಟ್ರೊ ಹತ್ತಿರವಿರುವ ಥಿಯೇಟರ್ ಹುಡುಕಿ, ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಇಳಿದ ಮೇಲಿನ ಫುಟ್‌ಪಾತ್ ಬಗ್ಗೆ ಮಾತ್ರ ನಾನು ಜವಾಬ್ದಾರನಲ್ಲ.

ಇನ್ನು ಪಾಪ್‌ಕಾರ್ನು. ಹೊರಗಿನ ತಿಂಡಿ ತಡೆಯುವ ಅಧಿಕಾರ ಥಿಯೇಟರಿಗಿದೆ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿತು. ಆದರೆ ಶುದ್ಧ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು, ಎಳೆಮಕ್ಕಳ ಆಹಾರ ಒಯ್ಯಲು ಬಿಡಬೇಕು ಎಂದೂ ಹೇಳಿದೆ. ನುಣ್ಣಗೆ ಅರೆದದ್ದನ್ನೇ ತಿನ್ನಬೇಕಾದವರು, ಸಕ್ಕರೆ ಕಾಯಿಲೆಯವರು ವೈದ್ಯರ ಚೀಟಿ ಇಟ್ಟುಕೊಂಡು ಹಿಂದಿನ ದಿನದ ಫೋನಿನಲ್ಲೇ ಹೇಳಿಡಿ.

ಹಂತ 5: ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ

ಪರದೆಯ ಮೇಲೆ ಮಾತಿಲ್ಲದೆ ನಡೆಯುವುದನ್ನು ಕಿವಿಯಲ್ಲಿ ಹೇಳುವ ಧ್ವನಿವಿವರಣೆ ಈಗ ಮೊಬೈಲಿಗೇ ಬಂದಿದೆ. ಎಕ್ಸ್‌ಎಲ್ ಸಿನಿಮಾ, ಮೂವಿಬಫ್ ಆ್ಯಕ್ಸೆಸ್‌ನಂಥ ಆ್ಯಪ್‌ಗಳಲ್ಲಿ ನಿಮ್ಮ ಸಿನಿಮಾ, ನಿಮ್ಮ ಭಾಷೆ ಇದೆಯಾ ಎಂದು ನೋಡಿ. ಇದ್ದರೆ ಮನೆಯಲ್ಲೇ ಇಳಿಸಿಕೊಳ್ಳಿ, ಹಾಲಿನೊಳಗೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಸಿನಿಮಾದ ಸದ್ದನ್ನು ಫೋನಿನ ಮೈಕು ಕೇಳಿಸಿಕೊಂಡು ವಿವರಣೆಯನ್ನು ಅದಕ್ಕೆ ಹೊಂದಿಸುತ್ತದೆ. ಮೈಕಿಗೆ ಅನುಮತಿ ಕೊಟ್ಟಿರಿ, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿ, ಇನ್ನೊಂದು ಹಾಲಿಗೆ ತೆರೆದಿರಲಿ.

ಕನ್ನಡ ಸಿನಿಮಾಗಳಿಗೆ ಇದು ಸಿಗುವುದು ಇನ್ನೂ ಅಪರೂಪ. ಸಿಗದಿದ್ದರೆ ಹಳೆಯ ಉಪಾಯ: ಪಕ್ಕದಲ್ಲಿ ಕೂತವರು ಪಿಸುದನಿಯಲ್ಲಿ ಹೇಳುವುದು. ಇದಕ್ಕೂ ಒಂದು ಕೈಚಳಕ ಬೇಕು. ಜನ ಕಡಿಮೆಯಿರುವ ಬೆಳಗಿನ ಆಟ, ಗೋಡೆ ಬದಿಯ ಸೀಟು ಆರಿಸಿ. ಸಂಭಾಷಣೆಯ ಮೇಲೆ ಮಾತಾಡಬೇಡಿ, ಸಂದಿಯಲ್ಲಿ ನುಸುಳಿ. ಯಾರು ಒಳಗೆ ಬಂದರು, ಜಾಗ ಬದಲಾಯಿತೇ, ಕೈಯಲ್ಲಿ ಏನಿದೆ, ಮಾತಿಲ್ಲದೆ ಜನ ಯಾಕೆ ನಕ್ಕರು, ಇಷ್ಟು ಸಾಕು. ನಾಯಕನ ಅಂಗಿಯ ಬಣ್ಣ ಬೇಡ. ಮುಂದೇನಾಗುತ್ತದೆ ಎಂಬ ನಿಮ್ಮ ಊಹೆಯಂತೂ ಬೇಡವೇ ಬೇಡ!

ಕಿವಿ ಕೇಳದವರಿಗೆ ಸಬ್‌ಟೈಟಲ್ ಬೇಕು. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳಲ್ಲಿ ಕನ್ನಡ ಸಿನಿಮಾಗೆ ಇಂಗ್ಲಿಷ್ ಸಬ್‌ಟೈಟಲ್ ಇರುವ ಆಟಗಳು ಸಿಗುತ್ತವೆ. ಕನ್ನಡ ಮಾಧ್ಯಮದ ಕಿವುಡ ಮಕ್ಕಳ ಶಾಲೆಯಲ್ಲಿ ಓದಿದವರಿಗೆ ಅದರಿಂದ ಅರ್ಧ ಉಪಯೋಗ, ಕನ್ನಡ ಸಿನಿಮಾಗೆ ಕನ್ನಡದ್ದೇ ಅಕ್ಷರ ಹಾಕುವುದು ನಿರ್ಮಾಪಕರಿಗೆ ಇನ್ನೂ ಹೊಳೆದಂತಿಲ್ಲ. ಒಂದು ತಾಂತ್ರಿಕ ಸಂಗತಿ ತಿಳಿದಿರಲಿ: ಸಬ್‌ಟೈಟಲ್ ಇರುವ ಪ್ರತಿಗೆ ಬೇರೆಯದೇ ಡಿಜಿಟಲ್ ಕೀ ಬೇಕು, ಅದನ್ನು ವಿತರಕರ ಕಡೆಯಿಂದ ತರಿಸಬೇಕು. ಆಟ ಶುರುವಾಗುವ ಹೊತ್ತಿಗೆ ಕೇಳಿದರೆ ಆಪರೇಟರ್ ಮನಸ್ಸು ಮಾಡಿದರೂ ಹಾಕಲಾರ. ಇಪ್ಪತ್ತು ಮೂವತ್ತು ಜನ ಸೇರಿ ಹೋಗುವುದಾದರೆ ನಾಲ್ಕೈದು ದಿನ ಮೊದಲೇ ಕೇಳಿ.

ಇವೆಲ್ಲ ದಯೆಯ ಮಾತುಗಳಲ್ಲ. 2023ರ ಜನವರಿಯಲ್ಲಿ ‘ಪಠಾಣ್’ ಸಿನಿಮಾದ ಒಟಿಟಿ ಆವೃತ್ತಿಗೆ ಧ್ವನಿವಿವರಣೆ, ಸಬ್‌ಟೈಟಲ್ ಸಿದ್ಧಪಡಿಸಬೇಕೆಂದು ದೆಹಲಿ ಹೈಕೋರ್ಟ್ ಹೇಳಿತು. 2024ರ ಮಾರ್ಚ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಥಿಯೇಟರ್ ಪ್ರದರ್ಶನಕ್ಕೂ ಮಾರ್ಗಸೂಚಿ ಹೊರಡಿಸಿತು, ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಪ್ರಮಾಣಪತ್ರ ಪಡೆಯುವ ಸಿನಿಮಾಗಳಿಂದ ಅದು ಶುರು.

ಹಂತ 6: ಸದ್ದು, ಬೆಳಕು ತಡೆಯದ ಮಕ್ಕಳೊಂದಿಗೆ

ಮೊದಲ ವಾರ ಹೋಗಬೇಡಿ. ದೊಡ್ಡ ನಟರ ಸಿನಿಮಾ ಆದರೆ ತಮಟೆ, ಶಿಳ್ಳೆ, ಕಾಗದದ ಚೂರು ಎಲ್ಲ ಇರುತ್ತದೆ. ಅದು ಅಭಿಮಾನಿಗಳ ಹಬ್ಬ, ಅವರಿಗೇ ಬಿಡಿ. ಮೂರನೇ ವಾರದ ಹಾಲು ನಿಮ್ಮದು.

ಟಿಕೆಟ್ಟಿನಲ್ಲಿರುವ ವೇಳೆಗೆ ಸಿನಿಮಾ ಶುರುವಾಗುವುದಿಲ್ಲ. ಜಾಹೀರಾತಿಗೆ 25 ನಿಮಿಷ ಹೋಯಿತೆಂದು ಒಬ್ಬರು ದಾವೆ ಹೂಡಿದ್ದರು, 2025ರಲ್ಲಿ ಬೆಂಗಳೂರಿನ ಗ್ರಾಹಕರ ಆಯೋಗ ಅವರ ಪರವಾಗಿ ತೀರ್ಪು ಕೊಟ್ಟಿತು, ಆಮೇಲೆ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ದಾವೆಯ ಗತಿ ಏನಾದರೂ ಆಗಲಿ, ನೀವು ಕೇಳಬೇಕಾದದ್ದು “ನಿಜವಾದ ಸಿನಿಮಾ ಎಷ್ಟು ಗಂಟೆಗೆ ಶುರು?” ಎಂದು. ಕಾಯಲಾರದ ಮಗುವಿಗೆ ಅಷ್ಟು ಹೊತ್ತು ಉಳಿಸಿದರೆ ಅರ್ಧ ಕೆಲಸ ಆದಂತೆ.

ಕಿವಿಗೆ ಸದ್ದು ತಗ್ಗಿಸುವ ಇಯರ್‌ಮಫ್ ಇರಲಿ, ಅದನ್ನು ಮನೆಯಲ್ಲೇ ನಾಲ್ಕು ದಿನ ರೂಢಿ ಮಾಡಿಸಿ. ಬಾಗಿಲ ಹತ್ತಿರದ ಓಣಿ ಸೀಟು ಹಿಡಿಯಿರಿ. ಇಂಟರ್ವಲ್‌ಗೆ ಎದ್ದು ಬಂದರೂ ಸಿನಿಮಾ ನೋಡಿದ ಲೆಕ್ಕವೇ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡು ಹೋಗಿ. 2024ರ ಕೊನೆಯಿಂದ ಬಂದಿರುವ ಯುಎ 7+, 13+, 16+ ಗುರುತುಗಳು ಕಥೆಯ ಬಗ್ಗೆ ಒಂದು ಅಂದಾಜು ಕೊಡುತ್ತವೆ, ಸದ್ದಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ವಿಶೇಷ ಶಾಲೆಯವರೋ ನಾಲ್ಕಾರು ಕುಟುಂಬದವರೋ ಸೇರಿ ಬೆಳಗಿನ ಆಟವೊಂದನ್ನು ಪೂರ್ತಿ ಹಿಡಿದರೆ ಎಲ್ಲ ಸಲೀಸು. ಗೋಡೆಯ ದೀಪ ಮಂದವಾಗಿ ಉರಿಯಲಿ, ಜಾಹೀರಾತು ಬೇಡ, ಮಕ್ಕಳು ಓಡಾಡಿದರೆ ಯಾರೂ ಕೂಗಬಾರದು ಎಂದು ಮೊದಲೇ ಒಪ್ಪಿಸಿ. “ಸೌಂಡ್ ಕಡಿಮೆ ಮಾಡಿ” ಎಂದರೆ ಆಪರೇಟರ್ ಕೂದಲೆಳೆಯಷ್ಟು ತಗ್ಗಿಸುತ್ತಾನೆ. ಸಂಖ್ಯೆಯಲ್ಲೇ ಹೇಳಿ: ಡಾಲ್ಬಿ ಪ್ರೊಸೆಸರ್‌ನಲ್ಲಿ 7 ಎನ್ನುವುದು ಪ್ರಮಾಣಿತ ಮಟ್ಟ, 4ಕ್ಕೆ ಇಳಿಸಿದರೆ 10 ಡೆಸಿಬೆಲ್ ಕಡಿಮೆಯಾಗಿ ಕಿವಿಗೆ ಸುಮಾರು ಅರ್ಧದಷ್ಟು ಅನ್ನಿಸುತ್ತದೆ.

ಹಂತ 7: ಹೊರಡುವ ದಿನ

ಬೆಳಿಗ್ಗೆ ಮತ್ತೊಮ್ಮೆ ಫೋನ್ ಮಾಡಿ ಸ್ಕ್ರೀನ್ ಬದಲಾಗಿಲ್ಲವೆಂದು ಖಚಿತ ಮಾಡಿಕೊಳ್ಳಿ. ಕಲೆಕ್ಷನ್ ಬಿದ್ದರೆ ಸಿನಿಮಾವನ್ನು ಸಣ್ಣ ಹಾಲಿಗೆ ತಳ್ಳುತ್ತಾರೆ, ನೀವು ಎಣಿಸಿಟ್ಟ ಮೆಟ್ಟಿಲೆಲ್ಲ ವ್ಯರ್ಥ. ಅರ್ಧ ಗಂಟೆ ಮೊದಲು ತಲುಪಿ. ತಪಾಸಣೆಯಲ್ಲಿ ಮಾತ್ರೆ, ಮೂತ್ರದ ಚೀಲ ಇತ್ಯಾದಿ ಇದ್ದರೆ ಚೀಲ ತೆರೆಯುವ ಮೊದಲೇ ಮೆಲ್ಲಗೆ ಹೇಳಿ, ಬೇಕಿದ್ದರೆ ಪಕ್ಕಕ್ಕೆ ಕರೆದು ನೋಡಲಿ. ರಾಷ್ಟ್ರಗೀತೆ ಹಾಕಿದರೆ ಎದ್ದು ನಿಲ್ಲಲಾರದವರ ಮೇಲೆ ಯಾವ ಬಲವಂತವೂ ಇಲ್ಲ, ವಿಕಲಚೇತನರಿಗೆ ಸುಪ್ರೀಂ ಕೋರ್ಟ್ ವಿನಾಯಿತಿ ಕೊಟ್ಟಿದೆ. ಹಿಂದಿನ ಸಾಲಿನವರು ಗೊಣಗಿದರೆ ಇಷ್ಟು ಹೇಳಿ ಸುಮ್ಮನಾಗಿ. ಇಂಟರ್ವಲ್‌ಗೆ ಐದು ನಿಮಿಷ ಮೊದಲೇ ಶೌಚಾಲಯಕ್ಕೆ ಹೊರಡಿ, ಲೈಟು ಬಿದ್ದ ಮೇಲೆ ಗಾಲಿಕುರ್ಚಿ ಆ ನೂಕುನುಗ್ಗಲಲ್ಲಿ ಅಲುಗುವುದಿಲ್ಲ.

ಹಂತ 8: ಕೊಟ್ಟ ಮಾತು ತಪ್ಪಿದರೆ

ಅಲ್ಲೇ ಕೂಗಾಡಿದರೆ ಸಿನಿಮಾ ಕೆಡುವುದು ನಿಮ್ಮದೇ. ಮ್ಯಾನೇಜರ್ ಹೆಸರು, ಸ್ಕ್ರೀನ್ ಸಂಖ್ಯೆ, ಸಾಲು, ವೇಳೆ ಬರೆದುಕೊಳ್ಳಿ, ಟಿಕೆಟ್ ಜೋಪಾನ ಮಾಡಿ. ಮೆಟ್ಟಿಲಿನ, ಬೀಗ ಹಾಕಿದ ಶೌಚಾಲಯದ ಫೋಟೊ ತೆಗೆಯಿರಿ. ಸಿನಿಮಾ ಓಡುತ್ತಿರುವಾಗ ಮಾತ್ರ ಮೊಬೈಲ್ ಎತ್ತಬೇಡಿ, ಪರದೆಯನ್ನು ಚಿತ್ರೀಕರಿಸುವುದು ಜೈಲುಶಿಕ್ಷೆಯ ಅಪರಾಧ.

ಮೊದಲ ಪತ್ರ ಥಿಯೇಟರಿಗೆ. ಉತ್ತರ ಬರದಿದ್ದರೆ ಥಿಯೇಟರುಗಳ ಪರವಾನಗಿ ನೋಡಿಕೊಳ್ಳುವ ಜಿಲ್ಲಾಡಳಿತಕ್ಕೆ, ಹಾಗೂ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ. ಖಾಸಗಿ ಕಟ್ಟಡವಾದರೂ ಜನ ಬಳಸುವಂಥದ್ದಾದರೆ, ಮನರಂಜನೆಗಾದರೂ ಸರಿ, 2016ರ ಕಾಯ್ದೆಯ ಲೆಕ್ಕದಲ್ಲಿ ಅದು ಸಾರ್ವಜನಿಕ ಕಟ್ಟಡವೇ. ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ದುಡ್ಡು ಕೊಟ್ಟು ಟಿಕೆಟ್ ಕೊಂಡಿದ್ದರಿಂದ ನೀವು ಗ್ರಾಹಕರೂ ಹೌದು: ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು, ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದಾವೆಗೆ ಶುಲ್ಕವಿಲ್ಲ.

ಪತ್ರದಲ್ಲಿ ನೋವು ಎರಡು ಸಾಲಿರಲಿ, ಬೇಡಿಕೆ ನಾಲ್ಕು ಸಾಲಿರಲಿ. ಅವರು ಕ್ಷಮಾಪಣೆ ಕೇಳಲಿ ಎಂದು ಬರೆಯಬೇಡಿ, ಅದನ್ನು ಮರುದಿನವೇ ಇಮೇಲ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಉದಾಹರಣೆಗೆ ಹೀಗೆ ಬರೆಯಿರಿ: “ಸ್ಕ್ರೀನ್ 3ರಲ್ಲಿ ಎಡಬಾಗಿಲ ಎದುರಿನ ಸಾಲಿನ ಎರಡು ಸೀಟು ತೆಗೆದು ವೀಲ್‌ಚೇರ್‌ಗೆ ಜಾಗ ಮಾಡಿ. ಪಕ್ಕದ ಒಂದು ಸೀಟನ್ನು ಜೊತೆಗಾರರಿಗೆ ಮೀಸಲಿಡಿ. ಶೌಚಾಲಯದ ಬೀಗ ತೆಗೆಸಿ. ಬುಕಿಂಗ್ ಪುಟದಲ್ಲಿ ಪ್ರತಿ ಸ್ಕ್ರೀನಿನ ಮೆಟ್ಟಿಲುಗಳ ಸಂಖ್ಯೆ ಹಾಕಿ. 30 ದಿನದೊಳಗೆ ಉತ್ತರ ಬೇಕು.”